ಈಸಲು ಹಿಡಿಯುವ ಗುಡಾರ: ಮೂರು ಸಲ ಕಟ್ಟಿದ್ದು

ನಮ್ಮ ಹೊಲದ ಮೇಲಿನ ಬದುವಿನಲ್ಲಿ ಮೂರು ಹುತ್ತಗಳಿವೆ. ನಡುವಿನದು ನನ್ನ ಎದೆಮಟ್ಟ ಇದೆ. ನಾಗರ ಪಂಚಮಿಗೆ ಅವ್ವ ಹಾಲೆರೆಯುವುದು ಅದಕ್ಕೇ, ಹಾಗಾಗಿ ಅದರ ಹತ್ತಿರ ಗುದ್ದಲಿ ಹೋಗುವುದಿಲ್ಲ. ಪಕ್ಕದ ಎರಡು ಹುತ್ತಗಳು ನಮಗೆ ವರ್ಷಕ್ಕೆ ಎರಡು ಬಗೆಯ ಊಟ ಕೊಡುತ್ತವೆ. ಬೇಸಿಗೆ ಕೊನೆಯ ಗುಡುಗು ಮಳೆಗೆ ಈಸಲು, ಅಂದರೆ ರೆಕ್ಕೆ ಬಂದ ಗೆದ್ದಲು, ಏಳುತ್ತವೆ. ಮಣ್ಣು ಚೆನ್ನಾಗಿ ನೆಂದ ಮೇಲೆ ಅದೇ ಹುತ್ತದ ಬುಡದಲ್ಲಿ ಅಣಬೆ ಏಳುತ್ತದೆ.

ನಮ್ಮದು ತಾಳವಾಡಿ ಸೀಮೆ. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದ್ದೇವೆ, ಆದರೆ ಮನೆಮಾತು ಕನ್ನಡ, ಸಂತೆಮಾತೂ ಕನ್ನಡ. ಅಣ್ಣಾವ್ರ ಗಾಜನೂರು ಇರುವ ಕಡೆ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಸುತ್ತ ಸತ್ಯಮಂಗಲದ ಕಾಡು. 2013ರಲ್ಲಿ ಅದು ಹುಲಿ ಮೀಸಲು ಆಯಿತು. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿ ಬರೆದಿರುವುದೆಲ್ಲ ನಮ್ಮ ಹೊಲದ ಹುತ್ತದ್ದು, ಮನೆಯಿಂದ ಕೂಗಿದರೆ ಕೇಳುವಷ್ಟು ದೂರದ್ದು. ಸಂಜೆ ಮೇಲೆ ಕಾಡಂಚಿಗೆ ದೀಪ ಹಿಡಿದು ಹೋಗುವ ಕೆಲಸ ಬೇಡ. ಆನೆ ಇರುವ ಜಾಗ ಇದು.

ನಮ್ಮ ತಾತ ಪ್ರತಿ ವರ್ಷ ಈಸಲು ಹಿಡಿಯುತ್ತಿದ್ದರು. ಹುತ್ತದ ಮುಂದೆ ಒಂದು ಗುಂಡಿ, ಗುಂಡಿಯೊಳಗೆ ಗಡಿಗೆ, ಮೇಲೆ ಕಂಬಳಿ ಹೊದಿಸಿದ ಗುಡಾರ, ಗಡಿಗೆಯ ಬಾಯಿಯ ಹತ್ತಿರ ಒಂದು ದೀಪ. ಅಷ್ಟೇ ಇದ್ದದ್ದು. ಅವರು ಹೋದ ಮೇಲೆ ಗಡಿಗೆ ಒಡೆಯಿತು, ಕಂಬಳಿಗೆ ನುಸಿ ಹಿಡಿಯಿತು. ಹತ್ತು ಹನ್ನೆರಡು ವರ್ಷ ಯಾರೂ ಹಿಡಿಯಲಿಲ್ಲ. ಈ ಸಲ ಅಕ್ಕನ ಮಗ ರಜಕ್ಕೆ ಬಂದಿದ್ದ. ಈಸಲು ಹುರಿದರೆ ಹೇಗಿರುತ್ತದೆ ಅಂತ ಕೇಳಿದ. ಬಾಯಲ್ಲಿ ಹೇಳೋ ರುಚಿ ಅಲ್ಲ ಅದು. ಕಟ್ಟೋಣ ಅಂತ ಶುರು ಮಾಡಿದೆ.

ಮೊದಲನೆಯದು: ಬಲ್ಬು ಮತ್ತು ಟಬ್ಬು

ಕೃತ್ತಿಕೆ ಮಳೆ. ಮಧ್ಯಾಹ್ನ ಎರಡು ಗಂಟೆಗೆ ಹಿಡಿದದ್ದು ನಾಲ್ಕೂವರೆಗೆ ಬಿಟ್ಟಿತು. ಗಾಳಿ ನಿಂತು ಮೈ ಬೆವರುವ ಹಾಗೆ ಆಯಿತು. ಈಸಲು ಏಳುವುದು ಇಂಥ ಸಂಜೆಗೇ.

ನನಗೆ ತಾತನ ಗುಡಾರ ಹಳೇ ಕಾಲದ ಉಪಾಯ ಅನ್ನಿಸಿತ್ತು. ಈಗ ಎಲ್‌ಇಡಿ ಇದೆ ಅಲ್ವಾ, ಕಂಬಳಿ ಯಾಕೆ ಬೇಕು? ಪಂಪ್‌ಸೆಟ್ಟಿನ ಮನೆಯಿಂದ ವೈರು ಎಳೆದು ಒಂದು ಬಿದಿರು ಗಳಕ್ಕೆ 9 ವಾಟಿನ ಬಿಳಿ ಬಲ್ಬು ಕಟ್ಟಿದೆ. ಕೆಳಗೆ ನೀಲಿ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ನಾಲ್ಕು ಬೆರಳು ನೀರು.

ಆರೂ ಮುಕ್ಕಾಲಿಗೆ ಈಸಲು ಎದ್ದವು. ಎದ್ದವು ಸರಿ, ಆದರೆ ಅರ್ಧಕ್ಕರ್ಧ ಮೇಲಕ್ಕೆ ಹಾರಿ ಬೀದಿದೀಪದ ಕಡೆ ಹೋದವು. ಟಬ್ಬಿಗೆ ಬಿದ್ದದ್ದು ಬೇರೆಯೇ ಸಂತೆ. ಪತಂಗ, ಜೀರುಂಡೆ, ಮಿಡತೆ, ಸಣ್ಣ ಸೊಳ್ಳೆ, ಅವುಗಳ ನಡುವೆ ನೆಂದು ಮುದ್ದೆಯಾದ ಈಸಲು. ಉದುರಿದ ರೆಕ್ಕೆಗಳೆಲ್ಲ ನೀರಿನ ಮೇಲೆ ತೇಲಿ ಒಂದಕ್ಕೊಂದು ಅಂಟಿಕೊಂಡು ಗಂಜಿಯ ಕೆನೆ ಕಟ್ಟಿದ ಹಾಗಿತ್ತು.

ಅದರಲ್ಲೊಂದು ಹುಳವನ್ನು ನಾನು ಗಮನಿಸಬೇಕಿತ್ತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತೆಳ್ಳಗೆ, ಮೈಮೇಲೆ ಕಪ್ಪು ಮತ್ತು ಕಿತ್ತಳೆ ಪಟ್ಟೆ. ದೂರದಿಂದ ನೋಡಿದರೆ ಇರುವೆ ಅಂತಲೇ ಅನ್ನಿಸುತ್ತದೆ. ಪೆಡೆರಸ್ ಅಂತ ಅದರ ಹೆಸರು. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಅದನ್ನು ಚರ್ಮದ ಮೇಲೆ ಹೊಸಕಿದರೆ ಒಳಗಿನ ರಸ ತಾಗಿ ಸುಡುತ್ತದೆ. ಬೆಳಕು ಕಂಡರೆ ಓಡಿ ಬರುವ ಹುಳ ಇದು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಕ್ಕನ ಮಗ ಕುತ್ತಿಗೆ ಮೇಲೆ ಕೂತದ್ದನ್ನು ಸುಮ್ನೆ ಕೈಯಿಂದ ಒರೆಸಿಕೊಂಡಿದ್ದ. ಅವತ್ತು ಏನೂ ಆಗಲಿಲ್ಲ. ಮಾರನೆ ದಿನ ಸಂಜೆಗೆ ಒರೆಸಿದ ಗೆರೆ ಉದ್ದಕ್ಕೂ ಕೆಂಪಾಗಿ ನೀರುಗುಳ್ಳೆ ಎದ್ದವು. ಬೆಂಕಿ ತಾಗಿದ ಹಾಗೆ ಉರಿ ಅಂತಿದ್ದ. ವಾರ ಹಿಡಿಯಿತು ವಾಸಿಯಾಗಲು.

ಆ ಟಬ್ಬಿನದನ್ನು ಒಂದೂ ತಿನ್ನಲಿಲ್ಲ. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದೆ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದನ್ನು ನಂಬಬಾರದು. ಗುಳ್ಳೆ ಎಬ್ಬಿಸುವ ಇನ್ನೊಂದು ಜಾತಿ ಜೀರುಂಡೆ ಇದೆ. ಅದರ ವಿಷ ಒಣಗಿಸಿದರೂ ಹುರಿದರೂ ಹೋಗುವುದಿಲ್ಲ. ಒಣಹುಲ್ಲಿನಲ್ಲಿ ಸೇರಿಕೊಂಡ ಅಂಥ ಜೀರುಂಡೆ ತಿಂದು ಕುದುರೆಗಳು ಸತ್ತಿರುವುದುಂಟು. ಕಲಸುಮೇಲೋಗರದ ಟಬ್ಬಿನಿಂದ ಊಟ ಆರಿಸಲು ಹೋಗಬಾರದು.

ಎರಡನೆಯದು: ಸೊಳ್ಳೆಪರದೆ

ಸರಿ, ಗುಡಾರ ಬೇಕು ಅಂತ ಒಪ್ಪಿಕೊಂಡೆ. ಆದರೆ ಕಂಬಳಿ ಬದಲು ಸೊಳ್ಳೆಪರದೆ ಹಾಕಿದೆ. ಹಗುರ, ಒಳಗೆ ಏನಾಗುತ್ತಿದೆ ಅಂತ ಕಾಣುತ್ತದೆ, ಹೊರಗಿನ ಹುಳ ಒಳಗೆ ಬರುವುದಿಲ್ಲ. ನಾಲ್ಕು ಬಿದಿರು ಗಳ ನೆಟ್ಟು, ಪರದೆ ಇಳಿಬಿಟ್ಟು, ಅಂಚಿಗೆ ಸುತ್ತಲೂ ಅರ್ಧ ಅಡಿ ಕಾಲುವೆ ತೋಡಿ ಮಣ್ಣು ಮುಚ್ಚಿದೆ. ಬಲ್ಬನ್ನು ಒಳಗೆ ಕಟ್ಟಿದೆ, ಕೆಳಗೆ ಅದೇ ಟಬ್ಬು, ಈ ಸಲ ನೀರಿಲ್ಲದೆ.

ಐದು ದಿನ ಬಿಟ್ಟು ಮತ್ತೆ ಮಳೆ ಬಂತು. ಈಸಲು ಎದ್ದವು. ಆದರೆ ಟಬ್ಬಿಗೆ ಬೀಳಲಿಲ್ಲ. ಪರದೆಯ ಕಣ್ಣುಗಳಿಗೆ ಕಾಲು ಸಿಕ್ಕಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ಜೋತುಬಿದ್ದವು. ಹೊರಗಡೆ ಇಡೀ ಸೀಮೆಯ ಹುಳುಗಳು ಅದೇ ಪರದೆಗೆ ಅಂಟಿಕೊಂಡವು. ಒಂದೇ ಬಟ್ಟೆಯ ಆ ಕಡೆ ತಿನ್ನುವುದು, ಈ ಕಡೆ ತಿನ್ನಬಾರದ್ದು. ಪರದೆ ಒದರಿ, ಕೈಯಲ್ಲಿ ಆರಿಸಿ, ಒಂದು ಗಂಟೆ ಕೂತರೂ ಸಿಕ್ಕಿದ್ದು ಅರ್ಧ ಸೇರು.

ಅದನ್ನೂ ತಿನ್ನಲಾಗಲಿಲ್ಲ. ತಪ್ಪು ನನ್ನದು. ರಾತ್ರಿ ಸುಸ್ತಾಗಿತ್ತು, ನಾಳೆ ಹುರಿದರಾಯಿತು ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿಟ್ಟೆ. ಮಾರನೆ ದಿನ ಹತ್ತು ಗಂಟೆಗೆ ಬಿಚ್ಚಿದರೆ ಕೊಳೆತ ಮೀನಿನ ವಾಸನೆ. ಈಸಲಿನ ಮೈ ತುಂಬ ಕೊಬ್ಬು, ಒದ್ದೆ ಬೇರೆ. ಗಾಳಿ ಆಡದ ಕವರಿನಲ್ಲಿ ಅದು ಬೇಗ ಕೆಡುತ್ತದೆ. ಕೆಡುವುದಷ್ಟೇ ಅಲ್ಲ. ಕೀನ್ಯಾ ದೇಶದಲ್ಲಿ ಹೀಗೇ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ದಿನಗಟ್ಟಲೆ ಇಟ್ಟಿದ್ದ ಗೆದ್ದಲು ತಿಂದು ಬಾಟ್ಯುಲಿಸಂ ಆಗಿ ಜನ ಸತ್ತಿದ್ದಾರೆ. 1980ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. ಗಾಳಿ ಇಲ್ಲದ ಕಡೆ ಬೆಳೆಯುವ ರೋಗಾಣುವಿನ ವಿಷದಿಂದ ಬರುವ ಕಾಯಿಲೆ ಅದು. ವಾಸನೆ ಬರದಿದ್ದರೂ ವಿಷ ಇರಬಹುದು. ಹಿಡಿದ ರಾತ್ರಿಯೇ ಹುರಿಯಬೇಕು. ಆಗದಿದ್ದರೆ ಹಿಡಿಯಲೇಬಾರದು.

ಪೋಡಿನ ತಾತ ಹೇಳಿದ್ದು

ಮೂರು ದಿನ ಬಿಟ್ಟು ಅರಿಶಿನ ನಾಟಿಗೆ ಆಳು ಬಂದಿದ್ದರು. ಅವರ ಜೊತೆ ಪೋಡಿನ ಸೋಲಿಗರ ತಾತ ಒಬ್ಬರು. ಪೋಡು ಅಂದರೆ ಸೋಲಿಗರ ಹಾಡಿ. ಬದುವಿನಲ್ಲಿ ಇನ್ನೂ ನೆಟ್ಟಿದ್ದ ನನ್ನ ಪರದೆ ನೋಡಿ ನಿಂತರು. ಒಂದು ಸುತ್ತು ಬಂದರು.

"ಇದ್ಯಾಕ್ ಮಗ, ಈಸ್ಲಿಗಾ?"

"ಹೂಂ ತಾತ. ಬೀಳ್ತಿಲ್ಲ."

"ದೀಪ ಹುತ್ತಕ್ಕೆ ಕಾಣ್ಬೇಕು ಕನ ಮಗ. ಊರಿಗೆ ಕಾಣ್ಬಾರ್ದು."

ಅಷ್ಟು ಹೇಳಿ ಕೆಲಸಕ್ಕೆ ಹೋದರು. ನಾನು ಅಲ್ಲೇ ನಿಂತೆ. ನಮ್ಮ ತಾತನ ಕಂಬಳಿ ಮಳೆಗೆ ಅಂತ ಅಂದುಕೊಂಡಿದ್ದೆ ನಾನು. ಅಲ್ಲ, ಅದು ಕತ್ತಲೆಗೆ. ಗುಡಾರದ ಒಳಗೆ ಕಗ್ಗತ್ತಲೆ ಇದ್ದರೆ ಈಸಲಿಗೆ ಕಾಣುವ ಬೆಳಕು ಒಂದೇ. ಸಣ್ಣ ದೀಪವಾದರೂ ಸಾಕು, ಎಲ್ಲ ಅಲ್ಲಿಗೇ ಬರುತ್ತವೆ. ಹೊರಗಿನ ಹುಳಕ್ಕೆ ದೀಪವೇ ಕಾಣದಿದ್ದರೆ ಅವು ಬರುವುದೇ ಇಲ್ಲ. ನಾನು ದೀಪ ದೊಡ್ಡದು ಮಾಡುತ್ತ ಹೋಗಿದ್ದೆ. ಮಾಡಬೇಕಿದ್ದದ್ದು ಕತ್ತಲೆಯನ್ನು.

ಮಧ್ಯಾಹ್ನ ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳಿದರು. ಹುತ್ತದ ಬಾಯಿ ಪೂರಾ ಮುಚ್ಚಬಾರದು, ಅರ್ಧ ಬಿಡಬೇಕು. ಹಾರಿಹೋದವುಗಳಲ್ಲಿ ಒಂದೆರಡು ಜೋಡಿ ಬದುಕಿದರೆ ಮುಂದೆ ಎಲ್ಲೋ ಒಂದು ಹುತ್ತ. ಮೊಮ್ಮಕ್ಕಳಿಗೆ ಬೇಕಲ್ಲ ಅಂದರು.

ಮೂರನೆಯದು

ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಇದು ಕೆಲಸ ಮಾಡಿತು.

ಹೊದಿಕೆಗೆ ಮೊದಲು ತೋಟಕ್ಕೆ ಹಾಸುವ ಕಪ್ಪು ಮಲ್ಚಿಂಗ್ ಶೀಟ್ ನೋಡಿದೆ. ತೀರಾ ತೆಳು, ಗಾಳಿಗೆ ಹರಿಯುತ್ತದೆ. ಕೊನೆಗೆ ಟೆಂಪೋ ಮೇಲೆ ಹಾಕುತ್ತಿದ್ದ ಹಳೆ ಟಾರ್ಪಾಲು ತೆಗೆದೆ. ರಾತ್ರಿ ಅದರೊಳಗೆ ಟಾರ್ಚ್ ಇಟ್ಟು ಹೊರಗಿನಿಂದ ಸುತ್ತು ಬಂದರೆ ನಕ್ಷತ್ರದ ಹಾಗೆ ನೂರು ತೂತು. ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ ಹಚ್ಚಿ ತೇಪೆ ಹಾಕಿದೆ, ಎರಡು ದಿನದಲ್ಲಿ ಎದ್ದುಬಂತು. ಈ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ. ಆಗ ತಾತನ ಕಂಬಳಿ ನೆನಪಾಯಿತು. ನುಸಿ ತಿಂದಿದ್ದರೂ ನಡುನಡುವೆ ಗಟ್ಟಿ ಇತ್ತು. ಗಟ್ಟಿ ಇರುವಲ್ಲಿ ಕತ್ತರಿಸಿ, ಟಾರ್ಪಾಲಿನ ಒಳಮೈಗೆ ದಬ್ಬಳ ಮತ್ತು ನೈಲಾನ್ ದಾರದಲ್ಲಿ ಹೊಲಿದೆ. ಹೊರಗೆ ಟಾರ್ಪಾಲು ಮಳೆಗೆ, ಒಳಗೆ ಕಂಬಳಿ ಕತ್ತಲೆಗೆ. ಮತ್ತೆ ಟಾರ್ಚ್ ಇಟ್ಟು ನೋಡಿದೆ. ಹೊಲಿಗೆ ಹಾದ ಕಡೆ ಒಂದೆರಡು ಚುಕ್ಕೆ ಬಿಟ್ಟರೆ ಪೂರಾ ಕಪ್ಪು.

ಚೌಕಟ್ಟಿಗೆ ಹಸಿ ಬಿದಿರು ಸೀಳಿ ಮೂರು ಕಮಾನು ಬಗ್ಗಿಸಿದೆ, ನಡುವಿನ ಎತ್ತರ ನಾಲ್ಕೂವರೆ ಅಡಿ. ಹುತ್ತದ ಪಡುವಣ ಅರ್ಧಕ್ಕೆ ಮಾತ್ರ ಬರುವ ಹಾಗೆ. ಮೂಡಣ ಅರ್ಧ ಬಯಲಿಗೇ ಬಿಟ್ಟಿದ್ದು. ಗುಡಾರದ ಅಂಚು ಹುತ್ತದ ಮೈಗೆ ತಾಗುವಲ್ಲಿ ಗೋಣಿಚೀಲದಲ್ಲಿ ಮರಳು ತುಂಬಿ ಒತ್ತಿ ಇಟ್ಟೆ. ಈ ಸಲ ಕಾಲುವೆ ತೋಡಲಿಲ್ಲ, ಕಾರಣ ಮುಂದೆ ಹೇಳುತ್ತೇನೆ.

ಬಾಗಿಲು ಒಂದೇ, ಹುತ್ತಕ್ಕೆ ಎದುರಾಗಿ, ನೆಲಮಟ್ಟದಲ್ಲಿ, ಒಂದು ಅಡಿ ಅಗಲ. ಅದರ ಹೊರಗೆ ಗುಂಡಿ ತೋಡಿ ಸ್ಟೀಲ್ ಬಕೆಟ್ ಇಳಿಸಿದೆ. ಗಡಿಗೆಗಿಂತ ಬಕೆಟ್ ವಾಸಿ. ಗಡಿಗೆಯ ಒಳಮೈ ಒರಟು, ಹತ್ತಿ ಬರುತ್ತವೆ. ನುಣುಪು ಸ್ಟೀಲಿನ ಗೋಡೆ ಹತ್ತಲು ಅವಕ್ಕೆ ಆಗುವುದಿಲ್ಲ, ಆದರೆ ಬಕೆಟ್ ಒಣಗಿರಬೇಕು, ಒಳಗೆ ಮಣ್ಣು ಮೆತ್ತಿರಬಾರದು. ಬಾಗಿಲಿನಿಂದ ಬಕೆಟ್ಟಿಗೆ ಜಾರಲು 15 ಕಿಲೋ ಎಣ್ಣೆ ಡಬ್ಬದ ತಗಡು ಬಿಡಿಸಿ ಆಲಿಕೆಯ ಹಾಗೆ ಬಗ್ಗಿಸಿದೆ. ಮೊದಲು ಇಳಿಜಾರು ಕಮ್ಮಿ ಇಟ್ಟಿದ್ದೆ, ಉದುರಿದ ರೆಕ್ಕೆಗಳೆಲ್ಲ ಅಲ್ಲೇ ಗುಪ್ಪೆಯಾದವು. ಕಡಿದಾಗಿ ಮಾಡಿದ ಮೇಲೆ ಸರಿಹೋಯಿತು.

ದೀಪಕ್ಕೆ ತಾತನ ಲಾಟೀನು. ಬತ್ತಿ ಏರಿಸುವ ಚಕ್ರ ತುಕ್ಕು ಹಿಡಿದು ಕೂತಿತ್ತು. ಸರಿ ಮಾಡಬಹುದಿತ್ತು, ಆದರೆ ಟಾರ್ಪಾಲಿನ ಬಾಯಲ್ಲಿ ಸೀಮೆಎಣ್ಣೆ ಬೆಂಕಿ ಇಡಲು ಮನಸ್ಸಾಗಲಿಲ್ಲ. ಬತ್ತಿಯ ಜಾಗಕ್ಕೆ ಒಂದು ಹಳದಿ ಎಲ್‌ಇಡಿ ಕೂರಿಸಿ, ಎಣ್ಣೆ ತುಂಬುವ ಬುಡದಲ್ಲಿ ಹಳೆ ಟಾರ್ಚಿನ ಬ್ಯಾಟರಿ ಇಟ್ಟೆ. ಒಂದು ವಾಟೂ ಇಲ್ಲ. ಹಳದಿಯೇ ಯಾಕೆ ಅಂದರೆ, ಹೆಚ್ಚಿನ ಹುಳಗಳನ್ನು ಎಳೆಯುವುದು ಬಿಳಿ, ನೀಲಿ ಬೆಳಕು. ಹಳದಿಗೆ ಅಷ್ಟು ಬರುವುದಿಲ್ಲ.

ಲಾಟೀನಿನ ಹಿಂದೆ ಒಂದು ಊಟದ ತಟ್ಟೆಯನ್ನು ನಿಲ್ಲಿಸಿ ಕಟ್ಟಿದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಬೆಳಕಿನ ಕಡೆ ಹಾರಿ ಬಂದ ಈಸಲು ತಟ್ಟೆಗೆ ಬಡಿದು ಕೆಳಗಿನ ತಗಡಿಗೆ ಬೀಳುತ್ತವೆ. ಅದೇ ತಟ್ಟೆ ಬೆಳಕು ಹೊರಗೆ ಹೋಗದ ಹಾಗೆ ತಡೆಯುತ್ತದೆ. ಬಕೆಟ್ಟಿನ ಮೇಲೆ ಮಿಕ್ಕ ಸಂದಿಗೆ ಒಂದು ಗೋಣಿ ಹೊದಿಸಿದರೆ ಮುಗಿಯಿತು.

ರೋಹಿಣಿ ಮಳೆ ಬಂದ ಸಂಜೆ

ಐದೂ ಮುಕ್ಕಾಲಿಗೆ ಹೋಗಿ ಹುತ್ತದ ಹತ್ತಿರ ಕೂತೆ. ಈಸಲು ಏಳುವ ಹುತ್ತ ಮೊದಲೇ ಗೊತ್ತಾಗುತ್ತದೆ. ಗಟ್ಟಿ ಮಣ್ಣಿನಲ್ಲಿ ಹೊಸದಾಗಿ ಕೊರೆದ ಸಣ್ಣ ಸೀಳುಗಳು ಕಾಣುತ್ತವೆ, ಬೆರಳುಗುರು ಅಗಲ. ಅಂಚಿನ ಮಣ್ಣು ಇನ್ನೂ ಹಸಿ. ಪ್ರತಿ ಸೀಳಿನ ಬಾಯಲ್ಲೂ ಕಂದುತಲೆಯ ಕಾವಲು ಗೆದ್ದಲುಗಳು ಹೊರಮುಖವಾಗಿ ನಿಂತಿದ್ದವು. ಒಂದು ಕಟ್ಟಿರುವೆ ಹತ್ತಿರ ಬಂತು, ನಾಲ್ಕು ತಲೆ ಒಟ್ಟಿಗೆ ಅದರ ಕಡೆ ತಿರುಗಿದವು. ಇರುವೆ ಬಳಸಿಕೊಂಡು ಹೋಯಿತು.

ಆರೂವರೆ ದಾಟಿದ ಮೇಲೆ ಒಂದು ಸೀಳಿನಿಂದ ಒಂದು ರೆಕ್ಕೆಯ ತುದಿ ಹೊರಬಂತು. ಒದ್ದೆ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಮಿನುಗುತ್ತಿತ್ತು. ಆ ಈಸಲು ಪೂರ್ತಿ ಹೊರಬಂದು, ಎರಡು ಹೆಜ್ಜೆ ನಡೆದು, ನಿಂತಿತು. ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ. ಹುತ್ತದ ಮೈಯೇ ಉಕ್ಕಿದ ಹಾಗೆ, ಮಳೆ ಹನಿ ಎಲೆ ಮೇಲೆ ಬಿದ್ದಂಥ ಸದ್ದು. ಬಯಲಿಗೆ ಬಿಟ್ಟ ಅರ್ಧದಿಂದ ಎದ್ದವು ಮೇಲಕ್ಕೆ ಹೋದವು. ಕಾಜಾಣಗಳು ಅಷ್ಟು ಹೊತ್ತಿನಲ್ಲೂ ಗಾಳಿಯಲ್ಲೇ ಹಿಡಿದು ತಿನ್ನುತ್ತಿದ್ದವು. ಬದುವಿನ ಕೆಳಗೆ ಕಪ್ಪೆಗಳು ಸಾಲಾಗಿ ಬಂದು ಕೂತವು. ನಮ್ಮ ನಾಯಿ ಬಂದು ನೆಲ ನೆಕ್ಕಿತು.

ಗುಡಾರದ ಒಳಗೆ ತಟ್ಟೆಯ ಸದ್ದು ಶುರುವಾಯಿತು. ಟಿಣ್, ಟಿಣ್, ಆಮೇಲೆ ಒಂದೇ ಸಮ. ಅಕ್ಕನ ಮಗ ಗೋಣಿ ಎತ್ತಿ ನೋಡಲೇ ಅಂತ ಮೂರು ಸಲ ಕೇಳಿದ. ಬೇಡ ಅಂದೆ. ಅರ್ಧ ಗಂಟೆಯಲ್ಲಿ ಎಲ್ಲ ನಿಂತಿತು. ಕಾವಲಿನವು ಒಳಗೆ ಸರಿದವು, ಸೀಳುಗಳನ್ನು ಒಳಗಿನಿಂದ ಮಣ್ಣಿಟ್ಟು ಮುಚ್ಚತೊಡಗಿದವು.

ಬಕೆಟ್ ಮುಕ್ಕಾಲು ತುಂಬಿತ್ತು. ರೆಕ್ಕೆಯೇ ಜಾಸ್ತಿ, ಆದರೂ ರೆಕ್ಕೆ ತೆಗೆದು ತೂಗಿದಾಗ ಒಂದು ಕಿಲೋ ಮುನ್ನೂರು ಗ್ರಾಂ ಬಂತು. ಬೇರೆ ಹುಳ ಎಷ್ಟು ಅಂತ ಬಿಳಿ ಪಂಚೆ ಮೇಲೆ ಹರಡಿ ನೋಡಿದೆವು. ಎರಡು ಪತಂಗ, ಒಂದು ಜೀರುಂಡೆ, ಒಂದು ಜೇಡ. ಕಿತ್ತಳೆ ಪಟ್ಟೆಯದು ಒಂದೂ ಇಲ್ಲ. ಆದರೂ ಹಿಡಿ ಹಿಡಿಯಾಗಿ ಪೂರಾ ನೋಡಿದೆವು. ಕಡ್ಡಿಯಲ್ಲೇ ಆರಿಸುವುದು, ಬರಿಗೈ ಹಾಕುವುದಿಲ್ಲ.

ಒಲೆಯ ಹತ್ತಿರ

ಅವ್ವ ಮಣ್ಣಿನ ಓಡು ಕಾಯಿಸಿದರು. ಸಣ್ಣ ಉರಿ. ಎಣ್ಣೆ ಬೇಡ. ಹೊಸ ಗೂಡು ಕಟ್ಟಿ ಮೊದಲ ಮರಿಗಳನ್ನು ಸಾಕುವವರೆಗೆ ಬೇಕಾದ ಬುತ್ತಿಯನ್ನು ಈಸಲು ಕೊಬ್ಬಾಗಿ ಮೈಯಲ್ಲೇ ಹೊತ್ತು ಹಾರುತ್ತವೆ. ಓಡಿನ ಮೇಲೆ ಆ ಕೊಬ್ಬೇ ಬಿಟ್ಟುಕೊಳ್ಳುತ್ತದೆ. ಐದಾರು ನಿಮಿಷಕ್ಕೆ ತಂಬಿಟ್ಟಿನ ಹಿಟ್ಟು ಹುರಿದ ಹಾಗೆ ವಾಸನೆ ಬರುತ್ತದೆ. ಆಗ ಇಳಿಸಿ, ಗೋಣಿ ಮೇಲೆ ಮೆಲ್ಲಗೆ ಉಜ್ಜಿ, ಮೊರದಲ್ಲಿ ಕೇರಿದರೆ ಉಳಿದ ರೆಕ್ಕೆ ಹಾರಿಹೋಗುತ್ತದೆ. ಗಾಳಿಗೆ ಬೆನ್ನು ಮಾಡಿ ಕೇರಬೇಕು, ಇಲ್ಲದಿದ್ದರೆ ಕಣ್ಣಿಗೆ.

ಎರಡನೇ ಸಲ ಹುರಿಯುವಾಗ ಅಕ್ಕಿ, ಕಡಲೆಕಾಯಿ ಬೀಜ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು. ಅಕ್ಕಿ ಹೊಂಬಣ್ಣ ಬರುವ ಹೊತ್ತಿಗೆ ಈಸಲು ಗರಿಗರಿ ಆಗಿರುತ್ತವೆ. ರುಚಿ ಕೊಬ್ಬರಿಗೂ ಕಡಲೆಕಾಯಿಗೂ ನಡುವೆ, ಕೊನೆಗೆ ಸ್ವಲ್ಪ ಮಣ್ಣಿನ ಘಮ. ಅಕ್ಕನ ಮಗನಿಗೆ ಮೊದಲು ನಾಲ್ಕೇ ನಾಲ್ಕು ಕೊಟ್ಟೆ. ಸೀಗಡಿ, ಏಡಿ ತಿಂದರೆ ಮೈ ತುರಿಸುವವರಿಗೆ ಇಂಥ ಹುಳವೂ ಆಗದೇ ಇರಬಹುದು, ಎರಡರಲ್ಲೂ ಒಂದೇ ಬಗೆಯ ಪ್ರೋಟೀನ್ ಇದೆ. ಅವನಿಗೆ ಏನೂ ಆಗಲಿಲ್ಲ. ಮಾರನೆ ದಿನ ಒಂದು ಬಟ್ಟಲು ತಿಂದ.

ಒಂದು ಕಿಲೋದಲ್ಲಿ ಅರ್ಧ ಪೋಡಿಗೆ ಹೋಯಿತು. ಮಿಕ್ಕದ್ದನ್ನು ಬಿಸಿಲಿಗೆ ಒಣಗಿಸಿ ಡಬ್ಬಕ್ಕೆ ಹಾಕಿದೆವು. ಪೂರಾ ಗರಿಗರಿ ಒಣಗಿದ್ದರೆ ಮಾತ್ರ ಡಬ್ಬ.

ಇನ್ನೊಂದು, ಇದು ತುಂಬ ಮುಖ್ಯ. ಗೆದ್ದಲಿಗೆ ಅಂತ ಹುತ್ತಕ್ಕೆ ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ಸುರಿಯುವವರಿದ್ದಾರೆ. ಅಂಥ ಹುತ್ತದ ಈಸಲೂ ಬೇಡ, ಅಣಬೆಯೂ ಬೇಡ. ನಾವು ಆ ಬದುವಿಗೆ ಔಷಧಿ ಹೊಡೆದಿಲ್ಲ, ಪಕ್ಕದ ಹೊಲದವರನ್ನೂ ಕೇಳಿಯೇ ಹಿಡಿದದ್ದು.

ಹುಳ ತಿನ್ನೋರು ಅಂತ ಶಾಲೆಯಲ್ಲಿ ನಮ್ಮನ್ನು ಆಡಿಕೊಳ್ಳುತ್ತಿದ್ದರು. ನನಗೆ ಅದು ಈಗಲೂ ನೋವೇ. ಒಡಿಶಾದ ಮಯೂರ್‌ಭಂಜಿನ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ ಗುರುತು, ಅಂದರೆ ಇದು ಆ ಸೀಮೆಯದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಮಲೆನಾಡಲ್ಲಿ ಚಗಳಿ ಚಟ್ನಿ ಮಾಡುತ್ತಾರೆ, ಅದೇ ಜಾತಿ ಇರುವೆ. ಆ ಸುದ್ದಿಯನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ಅವನು ಶಾಲೆಗೆ ಡಬ್ಬ ತೆಗೆದುಕೊಂಡು ಹೋಗುತ್ತೇನೆ ಅಂದ. ಕಟ್ಟಿಕೊಟ್ಟೆವು.

ಅಣಬೆ

ಮೃಗಶಿರ ಮಳೆ ಹಿಡಿದು ಒಂದು ವಾರಕ್ಕೆ ಎರಡೂ ಹುತ್ತದ ಬುಡದಲ್ಲಿ ಅಣಬೆ ಎದ್ದವು. ಕಾಲುವೆ ತೋಡಲಿಲ್ಲ ಅಂದೆನಲ್ಲ, ಅದು ಇಲ್ಲಿಗೆ ಬರುತ್ತದೆ. ಎರಡನೇ ಗುಡಾರವನ್ನು ಮೂಡಣ ಹುತ್ತಕ್ಕೆ ಕಟ್ಟಿದ್ದೆ, ಸುತ್ತ ಅರ್ಧ ಅಡಿ ಅಗೆದಿದ್ದೆ. ಅಗೆಯುವಾಗ ಗುದ್ದಲಿಗೆ ಬೂದುಬಣ್ಣದ, ಸ್ಪಂಜಿನ ಹಾಗೆ ತೂತುತೂತಿನ ಗಡ್ಡೆಯೊಂದು ಸಿಕ್ಕಿ ಒಡೆದಿತ್ತು. ಅದು ಗೆದ್ದಲಿನ ತೋಟ. ಒಣ ಎಲೆ, ಹುಲ್ಲು, ಸೌದೆ ಚೂರು ತಂದು, ಅಗಿದು, ಗೆದ್ದಲು ಅದರ ಮೇಲೆ ಅಣಬೆಯ ಬೂಸಲು ಬೆಳೆಸುತ್ತದೆ. ಅದನ್ನೇ ತಿಂದು ಬದುಕುತ್ತದೆ. ಈ ಅಣಬೆಗೆ ಟರ್ಮಿಟೊಮೈಸಿಸ್ ಅಂತ 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಹೆಸರಿಟ್ಟರು. ಗೆದ್ದಲಿನ ಅಣಬೆ ಅಂತಲೇ ಅದರ ಅರ್ಥ. ನಾವು ಶೆಡ್ಡಿನಲ್ಲಿ ಬೆಳೆಯುವ ಚಿಪ್ಪಣಬೆಯ ಹಾಗೆ ಇದನ್ನು ಬೆಳೆಸಲಾಗುವುದಿಲ್ಲ. ಬೆಳೆಸುವುದು ಗೆದ್ದಲಿಗೇ ಗೊತ್ತು. ಮೂಡಣ ಹುತ್ತದಲ್ಲಿ ನಾನು ಅಗೆದ ಕಡೆ ಒಂದೂ ಏಳಲಿಲ್ಲ, ಅಗೆಯದ ಕಡೆ ಹದಿನೇಳು ಎದ್ದವು. ಮರಳುಚೀಲ ಇಟ್ಟ ಪಡುವಣ ಹುತ್ತದಲ್ಲಿ ಸುತ್ತಲೂ ಬಂದವು.

ಕೀಳುವಾಗ ಎಳೆಯಬಾರದು. ಬೆರಳಿನಿಂದ ಸುತ್ತಲಿನ ಮಣ್ಣು ಬಿಡಿಸುತ್ತ ಕಾಂಡದ ಜೊತೆ ಕೆಳಗೆ ಹೋಗಬೇಕು. ಈ ಅಣಬೆಗೆ ಬೇರಿನಂಥ ಉದ್ದ ಬಾಲ ಇರುತ್ತದೆ, ಅದು ಗೆದ್ದಲಿನ ತೋಟದವರೆಗೆ ಇಳಿದಿರುತ್ತದೆ. ನನಗೆ ಸಿಕ್ಕ ಒಂದರದು ಮೊಳಕೈ ಉದ್ದ ಇತ್ತು, ಕೆಳಗೆ ಹೋಗುತ್ತ ಕಪ್ಪಾಗಿ ಇಲಿಬಾಲದ ಹಾಗೆ ಸಣ್ಣಗಾಗಿತ್ತು. ತುದಿ ಮುಟ್ಟುವ ಮೊದಲೇ ಕತ್ತರಿಸಿ ಮಣ್ಣು ಮುಚ್ಚಿದೆ. ಕೊಡೆಯ ನೆತ್ತಿಯಲ್ಲಿ ಮೊಲೆತೊಟ್ಟಿನಂಥ ಗಟ್ಟಿ ಮೊನೆ ಇತ್ತು. ಮಣ್ಣು ಸೀಳಿಕೊಂಡು ಬರಲು ಅದು ಬೇಕು.

ಈ ಬಾಲ, ಈ ಮೊನೆ, ಹುತ್ತದ ಬುಡ, ಮೂರೂ ಇದ್ದರೂ ನಾನು ಇನ್ನೊಂದು ನೋಡುತ್ತೇನೆ. ಒಂದು ಕೊಡೆ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಗೆರೆಗಳು ಕೆಳಗಾಗುವಂತೆ ಇಟ್ಟು ಬಟ್ಟಲು ಕವುಚುತ್ತೇನೆ. ಬೆಳಿಗ್ಗೆಗೆ ಪುಡಿ ಉದುರಿ ಅಚ್ಚು ಬಿದ್ದಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು. ದನದ ಕೊಟ್ಟಿಗೆ ಹಿಂದಿನ ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಯದು ಹಸಿರು ಬಿತ್ತು. ನೋಡಲು ಅದೂ ಬಲು ಚೆಂದ, ಆದರೆ ತಿಂದರೆ ಒಂದೆರಡು ಗಂಟೆಯಲ್ಲಿ ವಾಂತಿ ಶುರು. ಅದಕ್ಕಿಂತ ಕೆಟ್ಟದ್ದು ಅಮಾನಿಟಾ ಜಾತಿಯಲ್ಲಿವೆ. ಬಿಳಿ ಅಚ್ಚು, ಕಾಂಡದ ಬುಡದಲ್ಲಿ ಮೊಟ್ಟೆಚಿಪ್ಪಿನಂಥ ಚೀಲ. ಅದರಲ್ಲಿ ಕೊಲ್ಲುವ ಜಾತಿಗಳು ತಿಂದ ಕೂಡಲೇ ಏನೂ ಮಾಡುವುದಿಲ್ಲ. ಆರು ಗಂಟೆ, ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ ಭೇದಿ. ಆಮೇಲೆ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಲಿವರ್ ಕೆಟ್ಟಿರುತ್ತದೆ. ಬೇಯಿಸಿದರೂ ಒಣಗಿಸಿದರೂ ಆ ವಿಷ ಹೋಗದು. ಅಣಬೆ ತಿಂದ ಮನೆಯಲ್ಲಿ ಯಾರಿಗಾದರೂ ವಾಂತಿ ಆದರೆ, ಉಳಿದ ಅಣಬೆಯನ್ನೂ ಕಟ್ಟಿಕೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹುಳ ತಿಂದಿದ್ದರೆ ನಾವೂ ತಿನ್ನಬಹುದು, ಬೆಳ್ಳಿ ಚಮಚ ಕಪ್ಪಾಗದಿದ್ದರೆ ಸರಿ, ಅಕ್ಕಿ ಹಾಕಿ ಬೇಯಿಸಿ ನೋಡು, ಈ ಮಾತುಗಳನ್ನೆಲ್ಲ ಬಿಟ್ಟುಬಿಡಿ. ಹುಳಕ್ಕೆ ಆಗುವುದು ಮನುಷ್ಯನಿಗೆ ಆಗಬೇಕೆಂದಿಲ್ಲ.

ನಮ್ಮ ಹುತ್ತದ ಅಣಬೆಯನ್ನು ಅವ್ವ ಅವತ್ತೇ ಸಾರು ಮಾಡಿದರು. ಹುರುಳಿ ಕಟ್ಟು, ಮೆಣಸು, ಸುಟ್ಟ ಈರುಳ್ಳಿ. ರಾಗಿ ಮುದ್ದೆ. ಮಿಕ್ಕ ಐದಾರನ್ನು ದಾರಕ್ಕೆ ಪೋಣಿಸಿ ಒಲೆ ಮೇಲಿನ ಅಟ್ಟಕ್ಕೆ ಕಟ್ಟಿದ್ದಾರೆ.

ಈಗ ಬಾಕಿ ಇರುವ ರಿಪೇರಿ

ತಗಡಿನ ಆಲಿಕೆಗೆ ತುಕ್ಕು ಬಂದಿದೆ, ಒರಟಾದರೆ ಈಸಲು ಜಾರುವುದಿಲ್ಲ. ಹಳೆ ಸ್ಟೀಲ್ ತಟ್ಟೆ ಒಂದು ಕತ್ತರಿಸಿ ಬೇರೆ ಮಾಡಬೇಕು. ಕಮಾನಿನ ಒಂದು ಬಿದಿರು ಒಣಗುವಾಗ ಸೀಳಿತು, ಟ್ರ್ಯಾಕ್ಟರ್ ಟ್ಯೂಬಿನ ಪಟ್ಟಿ ಸುತ್ತಿದ್ದೇನೆ. ಹೊಲಿಗೆಯ ತೂತುಗಳಲ್ಲಿ ಇನ್ನೂ ಬೆಳಕು ಬರುತ್ತದೆ. ಕಂಬಳಿ ಮುಗಿಯಿತು, ಇನ್ನು ಚೂರು ಬೇಕೆಂದರೆ ಗುಂಡ್ಲುಪೇಟೆ ಕಡೆ ಕುರುಬರ ಮನೆಯಲ್ಲಿ ಕೇಳಬೇಕು. ಲಾಟೀನಿನ ಬ್ಯಾಟರಿ ಹೊಸದು ಹಾಕಿದೆ.

ಹಸ್ತ, ಚಿತ್ತೆ ಮಳೆಗೆ ಇಲ್ಲಿ ಇನ್ನೊಂದು ಸಲ ಈಸಲು ಏಳುವುದುಂಟು. ಪೋಡಿನ ತಾತ ತಮ್ಮ ಮೊಮ್ಮಗನನ್ನು ಕರೆತರುತ್ತೇನೆ ಅಂದಿದ್ದಾರೆ. ಅವರ ಹಿತ್ತಲಲ್ಲಿ ಒಂದು ಹುತ್ತ ಇದೆಯಂತೆ, ಅದಕ್ಕೂ ಒಂದು ಗುಡಾರ ಹೊಲಿಯಬೇಕು. ಅಳತೆ ತರಲು ಭಾನುವಾರ ಹೋಗುತ್ತಿದ್ದೇನೆ.